ಸೊಳ್ಳೆಗೆಂದೇ ಇಟ್ಟ ಒಂದು ಬಕೆಟ್ ನೀರು

ಹೋದ ವರ್ಷ ಮಳೆಗಾಲದಲ್ಲಿ ಅಪ್ಪನಿಗೆ ಡೆಂಗಿ ಬಂತು. ಆರು ದಿನ ಆಸ್ಪತ್ರೆ. ಬೆಳಿಗ್ಗೆ ಎದ್ದರೆ ಪ್ಲೇಟ್‌ಲೆಟ್ ಎಷ್ಟಾಯಿತು, ಸಂಜೆಯಾದರೆ ಎಷ್ಟಾಯಿತು, ಅದೇ ಮಾತು. ಮನೆಗೆ ಕರೆದುಕೊಂಡು ಬಂದ ಮೇಲೂ ಒಂದು ತಿಂಗಳು ಜಗಲಿಯಿಂದ ಅಂಗಳಕ್ಕೆ ಇಳಿಯಲು ಗೋಡೆ ಹಿಡಿದುಕೊಳ್ಳುತ್ತಿದ್ದರು. ಅವರನ್ನು ಹಾಗೆ ನೋಡಿದ್ದು ಅದೇ ಮೊದಲು.

ನಮ್ಮ ಮನೆ ಆಲ್ದೂರಿನ ಕಡೆ. ಸುತ್ತ ಕಾಫಿ, ನಡುವೆ ಅಡಿಕೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗಲೇ ಆಶಾ ಕಾರ್ಯಕರ್ತೆ ಅಕ್ಕ ಬಂದು ಮನೆ ಸುತ್ತ ನೋಡಿದರು. ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಒರಳುಕಲ್ಲಿನ ಗುಳಿಗೆ ಟಾರ್ಚ್ ಬಿಟ್ಟು, "ಬನ್ನಿ ಇಲ್ಲಿ, ನೋಡಿ" ಅಂದರು. ಒಂದು ಲೋಟದಷ್ಟು ನೀರು. ಅದರಲ್ಲಿ ದಾರದ ಎಳೆಯಂಥ ಹುಳಗಳು, ಸೊಳ್ಳೆಯ ಮರಿಗಳು, ತಲೆ ಕೆಳಗೆ ಮಾಡಿ ನೇತಾಡುತ್ತಿದ್ದವು. ಬಾಲದ ಹತ್ತಿರ ಇರುವ ಸಣ್ಣ ಕೊಳವೆಯನ್ನು ನೀರಿನ ಮೇಲಕ್ಕೆ ಚಾಚಿ ಅವು ಉಸಿರಾಡುತ್ತವಂತೆ. ನನ್ನ ಕೈ ನೆರಳು ಬಿದ್ದಿದ್ದೇ ತಡ, ಎಲ್ಲಾ ಕೊಂಕುತ್ತಾ ತಳಕ್ಕೆ ಇಳಿದವು. ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಹೆಚ್ಚೂಕಮ್ಮಿ 8-10 ದಿನ ಸಾಕು.

ಅವತ್ತೇ ಒರಳುಕಲ್ಲನ್ನು ಮಗುಚಿ ಹಾಕಿದೆ. ಆಮೇಲೆ ಕರಟ, ಬಿದ್ದ ಅಡಿಕೆ ಹಾಳೆ, ಹೂಕುಂಡದ ಕೆಳಗಿನ ತಟ್ಟೆ, ಸೌದೆ ಮೇಲೆ ಹೊದಿಸಿದ ಟಾರ್ಪಾಲಿನ ಮಡಿಕೆ, ಫ್ರಿಜ್ ಹಿಂದಿನ ಟ್ರೇ, ತೋಟಕ್ಕೆ ಬೋರ್ಡೋ ಔಷಧಿ ಹೊಡೆಯಲು ನೀರು ತುಂಬಿಸಿಡುವ ಡ್ರಮ್ಮು, ಹೀಗೆ ಹುಡುಕಿದಷ್ಟೂ ಸಿಗುತ್ತಲೇ ಇತ್ತು. ಪಾತ್ರೆಗಳ ಒಳಗೋಡೆಯನ್ನು ಬ್ರಷ್ ಹಾಕಿ ತಿಕ್ಕಿದೆವು. ಇದನ್ನು ಜಾಸ್ತಿ ಜನ ಮಾಡುವುದಿಲ್ಲ, ಆದರೆ ಮಾಡಲೇಬೇಕು. ಡೆಂಗಿ ತರುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿಗೆ ಸ್ವಲ್ಪ ಮೇಲೆ, ಒದ್ದೆ ಗೋಡೆಗೆ. ನೀರು ಚೆಲ್ಲಿದರೂ ಮೊಟ್ಟೆ ಅಲ್ಲೇ ಅಂಟಿಕೊಂಡಿರುತ್ತದೆ, ತಿಂಗಳುಗಟ್ಟಲೆ ಒಣಗಿದ್ದರೂ ಮತ್ತೆ ನೀರು ಬಿದ್ದರೆ ಒಡೆಯುತ್ತದೆ.

ಇಷ್ಟೆಲ್ಲ ಮಾಡಿದರೂ ಹಗಲು ಹೊತ್ತು ಕಾಲಿಗೆ ಕಚ್ಚುವುದು ನಿಲ್ಲಲಿಲ್ಲ. ತೋಟದಲ್ಲಿ ಮರದ ಪೊಟರೆ, ಕಡಿದ ಬಿದಿರಿನ ಬುಡ, ಎಲ್ಲದರಲ್ಲೂ ನೀರು. ಅದನ್ನೆಲ್ಲ ಯಾರು ಚೆಲ್ಲುತ್ತಾರೆ ಹೇಳಿ?

ಆಗ ಚಿಕ್ಕಪ್ಪನ ಮಗ ಫೋನಿನಲ್ಲಿ ಒಂದು ಉಪಾಯ ಹೇಳಿದ. ಸೊಳ್ಳೆಗೆ ಬೇಕಾದಂಥ ನೀರನ್ನು ನಾವೇ ಇಡುವುದು, ಅದು ಬಂದು ಮೊಟ್ಟೆ ಇಟ್ಟ ಮೇಲೆ ಮರಿಗಳನ್ನು ಅಲ್ಲೇ ಮುಗಿಸುವುದು. ಬೇರೆ ಕಡೆ ನೀರು ಕಡಿಮೆ ಇದ್ದಷ್ಟೂ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಹಾಗಾಗಿ ಮೊದಲು ಪಟ್ಟ ಪಾಡು ದಂಡವಾಗಲಿಲ್ಲ.

ಆ ಭಾನುವಾರ ಕಪ್ಪು ಬಕೆಟ್ ಒಂದಕ್ಕೆ ಅರ್ಧ ಮಳೆನೀರು ತುಂಬಿಸಿ, ಒಂದು ಹಿಡಿ ಒಣಹುಲ್ಲು, ನಾಲ್ಕು ಹಲಸಿನ ಎಲೆ ಹಾಕಿ ಬಚ್ಚಲುಮನೆ ಹಿಂದೆ ನೆರಳಿನಲ್ಲಿ ಇಟ್ಟೆ. ಕಪ್ಪು ಬಣ್ಣ, ನೆರಳು, ಎಲೆ ಕೊಳೆತ ವಾಸನೆ, ಮೂರೂ ಈಡಿಸ್‌ಗೆ ಇಷ್ಟ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಏನೋ ಮಗಾ, ಇದ್ದಬದ್ದ ನೀರೆಲ್ಲ ಚೆಲ್ಲಿಸಿ ಈಗ ನೀನೇ ತುಂಬಿಸಿಡ್ತೀಯಲ್ಲ? ಅಪ್ಪ ಮಲಗಿದ್ದು ಸಾಲದಾ?" ಅಂದರು. ಅವರ ಭಯ ನನಗೆ ಅರ್ಥವಾಯಿತು. ಈ ಬಕೆಟ್ಟನ್ನು ಇಟ್ಟು ಮರೆತರೆ ನಾವೇ ಸೊಳ್ಳೆ ಸಾಕಿದಂತೆ. ಕ್ಯಾಲೆಂಡರಿನಲ್ಲಿ ತಾರೀಕು ಬರೆದಿಟ್ಟೆ.

ಬಕೆಟ್ ಅಂಚಿಗೆ ಹಳೆಯ ಪಂಚೆಯ ತುಂಡೊಂದನ್ನು ನೀರಿಗೆ ತಾಗುವಂತೆ ಇಳಿಬಿಟ್ಟಿದ್ದೆ. ನಾಲ್ಕನೇ ದಿನಕ್ಕೆ ನೀರು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ನೀರಿನ ಗೆರೆಯ ಉದ್ದಕ್ಕೂ ಸೂಜಿ ಮೊನೆಯಷ್ಟು ಸಣ್ಣ ಕರಿ ಚುಕ್ಕೆಗಳು. ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎಷ್ಟೋ ಹೊತ್ತು ನೋಡಿದರು. ಇಷ್ಟೂ ಎಲ್ಲೋ ಪೊಟರೆಯಲ್ಲಿ ಬೀಳಬೇಕಿದ್ದ ಮೊಟ್ಟೆಗಳು ಅಂದಾಗ ಅವರು ಏನೂ ಹೇಳಲಿಲ್ಲ, ಬಟ್ಟೆಯನ್ನು ತಾವೇ ಒಯ್ದು ಒಲೆಗೆ ಹಾಕಿದರು.

ಮೊದಲೆರಡು ಸಲ ಐದು ದಿನಕ್ಕೊಮ್ಮೆ ನೀರನ್ನು ಬಿಸಿಲು ಬೀಳುವ ಒಣ ಮಣ್ಣಿಗೆ ಚೆಲ್ಲಿ, ಬಕೆಟ್ ತಿಕ್ಕಿ, ಮತ್ತೆ ತುಂಬಿಸಿದೆ. ಚರಂಡಿಗೆ ಚೆಲ್ಲಬಾರದು, ಅಲ್ಲಿ ಮರಿಗಳು ಬದುಕಿಕೊಳ್ಳುತ್ತವೆ. ಆಮೇಲೆ ಬಿಟಿಐ ಪುಡಿ ತರಿಸಿದೆ. ಇದು ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ, 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸಿಕ್ಕಿದ್ದು. ಮರಿ ಇದನ್ನು ತಿಂದರೆ ಅದರ ಕರುಳು ಹಾಳಾಗಿ ಸಾಯುತ್ತದೆ. ಮನುಷ್ಯರಿಗೆ, ದನಕ್ಕೆ, ಮೀನಿಗೆ, ಜೇನಿಗೆ ಏನೂ ಆಗುವುದಿಲ್ಲ. ಜೇನುಪೆಟ್ಟಿಗೆ ಇಟ್ಟುಕೊಂಡಿರುವ ನಮಗೆ ಅದೇ ದೊಡ್ಡ ಸಮಾಧಾನ. ಪೊಟ್ಟಣದ ಮೇಲೆ ಹೇಳಿದಷ್ಟೇ ಹಾಕಿದೆ. ಮಾರನೇ ಬೆಳಿಗ್ಗೆ ನೋಡಿದರೆ ಹುಳಗಳೆಲ್ಲ ತಳದಲ್ಲಿ ಅಲ್ಲಾಡದೆ ಬಿದ್ದಿದ್ದವು. ಎರಡೇ ಎರಡು ಮಾತ್ರ ಓಡಾಡುತ್ತಿದ್ದವು, ಗುಂಡು ತಲೆ, ಮಡಚಿದ ಬಾಲ. ಅವು ಮರಿಯ ಹಂತ ದಾಟಿ, ರೆಕ್ಕೆ ಬರುವ ಮುಂಚಿನ ಹಂತವಾದ ಕೋಶ ಆಗಿದ್ದವು. ಕೋಶ ಏನೂ ತಿನ್ನುವುದಿಲ್ಲ, ಹಾಗಾಗಿ ಪುಡಿ ಅದಕ್ಕೆ ತಾಗುವುದಿಲ್ಲ. ಅವತ್ತೇ ಆ ನೀರನ್ನು ಮಣ್ಣಿಗೆ ಚೆಲ್ಲಿದೆ. ಪುಡಿಯನ್ನು ತಡ ಮಾಡದೆ ಮೊದಲೇ ಹಾಕಬೇಕು ಅನ್ನುವುದು ಹಾಗೆ ಗೊತ್ತಾಯಿತು.

ಒಂದು ದಿನ ಬಕೆಟ್ಟಿನಲ್ಲಿ ಪುಟ್ಟ ಕಪ್ಪೆಯೊಂದು ಮೇಲೆ ಬರಲಾಗದೆ ಈಜುತ್ತಿತ್ತು. ಅವತ್ತಿನಿಂದ ಒಳಗೊಂದು ಕಾಫಿ ಕೋಲು ಓರೆಯಾಗಿ ಇಟ್ಟಿರುತ್ತೇನೆ.

ಈಗ ಮೂರು ಬಕೆಟ್ ಇವೆ. ಸೊಳ್ಳೆ ಪೂರ್ತಿ ಹೋಗಿದೆ ಅಂತ ಹೇಳಲಾರೆ, ಮಲೆನಾಡಿನಲ್ಲಿ ಅದು ಆಗದ ಮಾತು. ಸೊಳ್ಳೆಪರದೆ, ತುಂಬುತೋಳಿನ ಅಂಗಿ ಬಿಟ್ಟಿಲ್ಲ. ಆದರೆ ಅಪ್ಪ ಬೆಳಿಗ್ಗೆ ಜಗಲಿಯಲ್ಲಿ ಪೇಪರ್ ಓದುವಾಗ ಟವೆಲ್ ಬೀಸುತ್ತಾ ಕೂರುವುದು ನಿಂತಿದೆ. ತಾರೀಕು ನೋಡಿ ನೀರು ಬದಲಿಸುವ ಕೆಲಸವನ್ನು ಈಗ ಅಮ್ಮನೇ ವಹಿಸಿಕೊಂಡಿದ್ದಾರೆ.

ಉಳಿದಿರುವುದು ರಸ್ತೆ ಬದಿಯ ಪಂಕ್ಚರ್ ಅಂಗಡಿಯ ಟೈರ್ ರಾಶಿ, ನಮ್ಮ ಗೇಟಿನಿಂದ ಐವತ್ತು ಹೆಜ್ಜೆ. ಹೋಗಿ ಅಪ್ಪನ ವಿಷಯ ಹೇಳಿದೆ. ಅಂಗಡಿಯವರು ಪಾಪ, ಸುಮ್ನೆ ಕೇಳಿಸಿಕೊಂಡು, ಡ್ರಿಲ್ ತೆಗೆದು ಅಲ್ಲೇ ಎರಡು ಟೈರಿಗೆ ತೂತು ಹೊಡೆದು ನೀರು ಇಳಿಸಿದರು. ಇನ್ನು ಹದಿನೈದು ಇವೆ. ಬರುವ ಭಾನುವಾರ ನಾನೂ ಹೋಗಿ ಕೈಜೋಡಿಸುತ್ತೇನೆ ಅಂದಿದ್ದೇನೆ.