ಗೇರ್‌ಬಾಕ್ಸಿನ ಫ್ಯಾನ್ ಬದಲಾವಣೆ: ಈವರೆಗೆ ಆದ ಕೆಲಸ

ಹಿರಿಯಡ್ಕದ ಸಮೀಪ ನಮ್ಮ ಅಡಿಕೆ ತೋಟದ ಕೆಲಸಕ್ಕಿರುವ ಪುಟ್ಟ ಟ್ರಾಕ್ಟರಿನದು ಹೈಡ್ರೋಸ್ಟಾಟಿಕ್ ಗೇರ್‌ಬಾಕ್ಸ್. ಬೆಳಿಗ್ಗೆ ಗೊಬ್ಬರ ತುಂಬಿದ ಟ್ರೈಲರನ್ನು ಗುಡ್ಡೆಯ ದಾರಿಯಲ್ಲಿ ಸಲೀಸಾಗಿ ಎಳೆಯುತ್ತಿದ್ದ ಯಂತ್ರ, ಮಧ್ಯಾಹ್ನದ ಹೊತ್ತಿಗೆ ಅದೇ ಏರಿನಲ್ಲಿ ಪೆಡಲನ್ನು ಪೂರ್ತಿ ಒತ್ತಿದರೂ ಮುಂದೆ ಸಾಗದೆ ನಿಲ್ಲತೊಡಗಿತು. ಎಂಜಿನ್ ಬಳಲಿದ ಸದ್ದೇನೂ ಇರಲಿಲ್ಲವಾದ್ದರಿಂದ ಅನುಮಾನ ಎಣ್ಣೆಯ ಬಿಸಿಯತ್ತ ಹೋಯಿತು. ಈ ಬಗೆಯ ಗೇರ್‌ಬಾಕ್ಸಿನಲ್ಲಿ ಪಂಪು ಒತ್ತಡದಿಂದ ಕಳಿಸುವ ಎಣ್ಣೆಯೇ ಮೋಟಾರನ್ನು ತಿರುಗಿಸುತ್ತದೆ; ಎಣ್ಣೆ ಕಾದು ತೆಳುವಾದಷ್ಟೂ ಪಿಸ್ಟನ್ನುಗಳ ಸಂದಿಯಲ್ಲಿ ಒಳಗೊಳಗೇ ಸೋರಿ, ಚಕ್ರಕ್ಕೆ ಸೇರಬೇಕಾದ ಬಲವು ಇನ್ನಷ್ಟು ಬಿಸಿಯಾಗಿ ವ್ಯರ್ಥವಾಗುತ್ತದೆ.

ಬ್ಯಾಟರಿಯ ತಂತಿ ಕಳಚಿ, ಚಕ್ರಗಳಿಗೆ ಅಡ್ಡ ಕಲ್ಲಿಟ್ಟು, ಸೀಟಿನ ಕೆಳಗಿನ ತಗಡನ್ನು ತೆಗೆದಾಗ ಕಾರಣ ಕಣ್ಣೆದುರಿಗಿತ್ತು. ಗೇರ್‌ಬಾಕ್ಸಿಗೆ ಗಾಳಿ ಬೀಸಿ ತಣಿಸುವ ಪ್ಲಾಸ್ಟಿಕ್ ಫ್ಯಾನಿನ ಎರಡು ರೆಕ್ಕೆಗಳು ಬುಡದಲ್ಲೇ ಮುರಿದಿದ್ದವು. ಒಂದರ ಹರಕು ಅಂಚಿಗೆ ಅಡಿಕೆ ಹಾಳೆಯ ನಾರು ಬಿಗಿಯಾಗಿ ಸುತ್ತಿಕೊಂಡಿತ್ತು. ಎಂಜಿನ್ನಿನ ವೇಗದಲ್ಲೇ ತಿರುಗುವ ಶಾಫ್ಟಿನ ಮೇಲೆ ಹೀಗೆ ತೂಕ ತಪ್ಪಿದ ಫ್ಯಾನ್ ಇದ್ದರೆ ಅದರ ನಡುಕ, ಎಣ್ಣೆ ಹೊರಸೋರದಂತೆ ತಡೆಯುವ ಆಯಿಲ್ ಸೀಲನ್ನೂ ಹಾಳುಮಾಡುತ್ತದೆ. ಸೀಲಿನ ಸುತ್ತ ಬೆರಳಾಡಿಸಿ ನೋಡಿದೆ, ಒಣಗಿತ್ತು.

ಫ್ಯಾನ್ ಬಿಚ್ಚಲು ಮೊದಲು ತೆಗೆಯಬೇಕಾದ, ಶಾಫ್ಟಿನ ಜೋಡಣೆಯನ್ನು (ಕಪ್ಲಿಂಗ್) ಬಿಗಿಹಿಡಿಯುವ ಸ್ಪ್ರಿಂಗ್ ಪಿನ್ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಈ ಊರಿನಲ್ಲಿ ತುಕ್ಕು ಯಾವ ಸಂದಿಯನ್ನೂ ಬಿಡುವುದಿಲ್ಲ. ರಾತ್ರಿಯಿಡೀ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಪಿನ್ನಿನ ಅಳತೆಗೆ ಲೇತ್ ಅಂಗಡಿಯಲ್ಲಿ ಮಾಡಿಸಿದ ಪಂಚಿನಿಂದ ಹೊಡೆದ ಮೇಲೆ ಹೊರಬಂತು. ಹಳೆಯ ಪಿನ್ನನ್ನು ಮತ್ತೆ ಬಳಸುವುದು ಸರಿಯಲ್ಲ, ಅದರ ಬಿಗಿತ ಹೋಗಿರುತ್ತದೆ.

ಹೊಸ ಫ್ಯಾನ್ ಕೂರಿಸುವಾಗ ಮುಖ ಯಾವ ಕಡೆಗೆಂಬುದನ್ನು ಹಳೆಯದರೊಂದಿಗೆ ಹೋಲಿಸಲೇಬೇಕು. ಹಿಂದುಮುಂದಾಗಿ ಕೂರಿಸಿದರೂ ಗಾಳಿಯ ದಿಕ್ಕು ಬದಲಾಗುವುದಿಲ್ಲ, ಪ್ರಮಾಣವಷ್ಟೇ ಕುಗ್ಗುತ್ತದೆ. ಕೈಯೊಡ್ಡಿ ನೋಡಿದವರಿಗೆ ಎಲ್ಲವೂ ಸರಿಯಿರುವಂತೆಯೇ ತೋರುತ್ತದೆ.

ಆದರೆ ನನ್ನ ಅಭಿಪ್ರಾಯದಲ್ಲಿ ಫ್ಯಾನಿಗಿಂತ ಮುಖ್ಯವಾದ ಕೆಲಸ ಗೇರ್‌ಬಾಕ್ಸಿನ ಮೈಮೇಲಿನ ಏಣುಗಳನ್ನು ಸ್ವಚ್ಛಗೊಳಿಸುವುದು. ಅವುಗಳ ನಡುವೆ ಕೆಂಪು ಮಣ್ಣು ಎಣ್ಣೆಯ ಜಿಡ್ಡಿಗೆ ಹತ್ತಿ ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಅದರ ಮೇಲೆ ಎಷ್ಟು ಗಾಳಿ ಬೀಸಿದರೂ ಲೋಹದ ಬಿಸಿ ಹೊರಹೋಗುವ ಹಾಗಿರಲಿಲ್ಲ. ಬಿದಿರಿನ ಸೀಳಿನಿಂದ ಕೆರೆದು, ಡೀಸೆಲ್ ಅದ್ದಿದ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಒರೆಸಿದೆ. ರಭಸದ ನೀರು ಸೀಲುಗಳ ಮೂಲಕ ಒಳನುಗ್ಗಬಹುದಾದ್ದರಿಂದ ಪ್ರೆಷರ್ ವಾಷರನ್ನು ಬಳಸಲಿಲ್ಲ.

ಎಲ್ಲವನ್ನೂ ಜೋಡಿಸಿ, ಮಧ್ಯಾಹ್ನದ ಬಿಸಿಲಿನಲ್ಲಿಯೇ ತುಂಬಿದ ಟ್ರೈಲರಿನೊಂದಿಗೆ ಅದೇ ಏರನ್ನು ಹತ್ತಿಸಿದಾಗ ಟ್ರಾಕ್ಟರ್ ಎಲ್ಲಿಯೂ ನಿಲ್ಲಲಿಲ್ಲ. ಆದರೂ ಅಷ್ಟು ಕಾದಿದ್ದ ಎಣ್ಣೆಯನ್ನು ಹಾಗೆಯೇ ಬಿಡುವಂತಿಲ್ಲ. ಮಳೆಗಾಲಕ್ಕೆ ಮೊದಲು ಎಣ್ಣೆ ಮತ್ತು ಫಿಲ್ಟರ್ ಬದಲಿಸಬೇಕು. ಹಾಳೆಯ ಚೂರುಗಳನ್ನು ತಡೆಯಲು ಗಾಳಿ ಒಳಬರುವ ಕಡೆ ಸುಲಭವಾಗಿ ಬಿಚ್ಚಿ ತೊಳೆಯಬಹುದಾದ ಒಂದು ಜಾಲರಿಯನ್ನೂ ಕೂರಿಸಬೇಕು.