ಹ್ಯಾಂಗ್ ಆಗುವ 486: ಕಾರ್ಡ್‌ಗಳ ಜಗಳ ಎಲ್ಲಿಗೆ ಬಂತು

ಶನಿವಾರ

ಚಿಕ್ಕಪ್ಪನ ಡಿಟಿಪಿ ಅಂಗಡಿಯಲ್ಲಿ ದುಡಿದಿದ್ದ ಹಳೇ ಕಂಪ್ಯೂಟರ್, 486 ಡಿಎಕ್ಸ್2-66 ಪ್ರೊಸೆಸರ್‌ನದು, ಈಗ ಬೂಟ್ ಆಗುತ್ತಿದೆ. ಡಾಸ್ 6.22, ಅದರ ಮೇಲೆ ವಿಂಡೋಸ್ 3.1. ಮದರ್‌ಬೋರ್ಡ್ ಮೇಲಿದ್ದ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು ಎಲ್ಲಕ್ಕಿಂತ ಮೊದಲು ಕತ್ತರಿಸಿ ತೆಗೆದೆ. ಅದು ಸೋರಿದರೆ ಸುತ್ತಲಿನ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತದೆ.

ಹಾರ್ಡ್ ಡಿಸ್ಕ್ ತುಂಬ ಪೇಜ್‌ಮೇಕರ್ ಫೈಲುಗಳಿವೆ. ಮದುವೆ ಕರೆಯೋಲೆ, ಜಾತ್ರೆಯ ಕರಪತ್ರ, ಸಂಘಗಳ ವಾರ್ಷಿಕ ವರದಿ. ಡಿಸ್ಕ್‌ನ ಪೂರ್ತಿ ಇಮೇಜ್ ತೆಗೆದಿಟ್ಟಿದ್ದೇನೆ, ಆದರೆ ಅಷ್ಟೇ ಸಾಲದು. ಇವೆಲ್ಲ ಯೂನಿಕೋಡ್‌ಗಿಂತ ಮುಂಚಿನ ಕನ್ನಡ ಫಾಂಟ್‌ಗಳಲ್ಲಿ ಕೂರಿಸಿದ ಪುಟಗಳು. ಈ ಯಂತ್ರದಲ್ಲಿ ತೆರೆದರೆ ಅಕ್ಷರ, ಒತ್ತು, ಸಾಲು ಎಲ್ಲ ಅಂದು ಇದ್ದ ಜಾಗದಲ್ಲೇ ಕಾಣುತ್ತವೆ. ಹಾಗಾಗಿ ಇಲ್ಲೇ ತೆರೆದು, ಪೋಸ್ಟ್‌ಸ್ಕ್ರಿಪ್ಟ್ ಫೈಲಾಗಿ ಪ್ರಿಂಟ್ ಮಾಡಿ, ನೆಟ್‌ವರ್ಕ್‌ನಲ್ಲಿ ಆಚೆ ಕಳಿಸಬೇಕು ಅಂತ ನನ್ನ ಯೋಜನೆ.

ಅದಕ್ಕೆ ಎನ್‌ಇ2000 ಮಾದರಿಯ ನೆಟ್‌ವರ್ಕ್ ಕಾರ್ಡ್ ಒಂದನ್ನು ಹಾಕಿದೆ. ಯಂತ್ರ ಪೂರ್ತಿಯಾಗಲಿ ಅಂತ ಸೌಂಡ್ ಬ್ಲಾಸ್ಟರ್ 16 ಮಾದರಿಯ ಸೌಂಡ್ ಕಾರ್ಡ್, ಒಂದು ಒಳಗಿನ ಫ್ಯಾಕ್ಸ್ ಮೋಡೆಮ್ ಕೂಡ ಸೇರಿಸಿದೆ. ಮೂರೂ ಬೆಂಗಳೂರಿನ ಎಸ್‌ಪಿ ರಸ್ತೆಯ ಹಳೇ ಸಾಮಾನಿನ ರಾಶಿಯಿಂದ ಬಂದವು. ಗ್ರಾಫಿಕ್ಸ್ ಕಾರ್ಡ್ ಮತ್ತು ಮಲ್ಟಿ ಐಒ ಕಾರ್ಡ್ (ಡಿಸ್ಕ್, ಸೀರಿಯಲ್, ಪ್ರಿಂಟರ್ ಪೋರ್ಟ್ ನೋಡಿಕೊಳ್ಳುವುದು) ಮೊದಲಿನಿಂದಲೂ ಇದ್ದವು. ಎಲ್ಲವೂ ಐಎಸ್‌ಎ ಸ್ಲಾಟ್‌ನವೇ. ಪ್ಲಗ್ ಅಂಡ್ ಪ್ಲೇ ಯಾವುದೂ ಅಲ್ಲ, ಅಂದರೆ ಸೆಟ್ಟಿಂಗ್ ಎಲ್ಲ ಜಂಪರ್ ಅನ್ನುವ ಪುಟ್ಟ ಕ್ಲಿಪ್ಪನ್ನು ಕೈಯಿಂದ ಸರಿಸಿ ಮಾಡಬೇಕು.

ಎಲ್ಲ ಕೂರಿಸಿದ ಮೇಲೆ ಹ್ಯಾಂಗ್ ಶುರುವಾಯಿತು.

ಭಾನುವಾರ

ಹ್ಯಾಂಗ್ ಅಂದರೆ ಒಂದೇ ತರಹದ್ದಲ್ಲ. ಅದನ್ನು ಬೇರ್ಪಡಿಸಿ ನೋಡಿದರೆ ಅರ್ಧ ಕೆಲಸ ಆದಂತೆ. ಪರದೆ ನಿಂತಾಗ ನಾನು ಮೊದಲು ನಮ್ ಲಾಕ್ ಕೀ ಒತ್ತುತ್ತೇನೆ. ಕೀಬೋರ್ಡಿನ ದೀಪ ಹತ್ತಿ ಆರಿದರೆ ಕೀಬೋರ್ಡಿನ ಇಂಟರಪ್ಟ್ (ನನ್ನ ಕಡೆ ನೋಡು ಅನ್ನುವ ಕೂಗು) ಇನ್ನೂ ಪ್ರೊಸೆಸರ್‌ಗೆ ತಲುಪುತ್ತಿದೆ, ಯಾವುದೋ ಒಂದು ಡ್ರೈವರ್ ಮಾತ್ರ ಉತ್ತರಕ್ಕೆ ಕಾಯುತ್ತಾ ಕೂತಿದೆ. ದೀಪ ಅಲುಗಾಡದಿದ್ದರೆ ಗಂಟು ಇನ್ನೂ ಆಳದಲ್ಲಿದೆ.

ನನಗೆ ಕಂಡದ್ದು ಹೀಗೆ. ಡಾಸ್‌ನಲ್ಲಿ ಎಫ್‌ಟಿಪಿ (ನೆಟ್‌ವರ್ಕ್ ಮೂಲಕ ಫೈಲ್ ಕಾಪಿ) ನಡೆಯುವಾಗ ಕಾಪಿ ಅರ್ಧಕ್ಕೆ ನಿಲ್ಲುತ್ತದೆ, ದೀಪ ಮಾತ್ರ ಕೆಲಸ ಮಾಡುತ್ತದೆ. ಆಟವೊಂದರಲ್ಲಿ ಮಿಡಿ ಸಂಗೀತ ಶುರುವಾದ ತಕ್ಷಣ ಎಲ್ಲ ನಿಂತು ಹೋಗುತ್ತದೆ. ವಿಂಡೋಸ್ ಲೋಡ್ ಆಗುವಾಗ ಪರದೆ ಅರ್ಧ ಬಿಡಿಸಿ ಸುಮ್ಮನಾಗುತ್ತದೆ, ಆಗ ದೀಪವೂ ಇಲ್ಲ. ಮೂರು ಲಕ್ಷಣಗಳು ಬೇರೆ ಬೇರೆಯಾಗಿದ್ದರಿಂದ ಮೂರಕ್ಕೂ ಒಂದೇ ಕಾರಣ ಹುಡುಕಲು ಹೋಗಲಿಲ್ಲ.

ಡಾಸ್ ಶುರುವಾಗುವಾಗ ಎಫ್5 ಒತ್ತಿ, ಶುರುವಿನಲ್ಲಿ ತಾನಾಗೇ ಓಡುವ ಕಾನ್ಫಿಗ್ ಮತ್ತು ಆಟೋಎಕ್ಸೆಕ್ ಫೈಲು ಎರಡನ್ನೂ ಬಿಟ್ಟೆ. ಆಮೇಲೆ ಬೇಕಾದ ಡ್ರೈವರ್‌ಗಳನ್ನು ಕೈಯಿಂದಲೇ ಲೋಡ್ ಮಾಡಿದೆ. ಆಗಲೂ ಹ್ಯಾಂಗ್ ಆಯಿತು. ಅಲ್ಲಿಗೆ ಮೆಮೊರಿ ನಿಭಾಯಿಸುವ ಇಎಂಎಂ386 ಡ್ರೈವರ್ ಮೇಲಿದ್ದ ಅನುಮಾನ ಹೋಯಿತು.

ನಂತರ ಗ್ರಾಫಿಕ್ಸ್ ಮತ್ತು ಮಲ್ಟಿ ಐಒ ಬಿಟ್ಟು ಎಲ್ಲ ಕಾರ್ಡ್ ಕಿತ್ತೆ. ರಾತ್ರಿಯಿಡೀ ವಿಂಡೋಸ್ ಓಡಿತು. ಮೆಮೊರಿ, ಪವರ್ ಸಪ್ಲೈ, ಬಿಸಿ ಇವುಗಳ ತಂಟೆಯಲ್ಲ ಅನ್ನುವುದು ಖಾತ್ರಿಯಾಯಿತು. ಎಷ್ಟೋ ಜನ ಹ್ಯಾಂಗ್ ಆದ ಕೂಡಲೇ ರ್‍ಯಾಮ್ ಬದಲಿಸಲು ಹೊರಡುತ್ತಾರೆ. ಬರಿಯ ಬೋರ್ಡ್ ಒಂದು ರಾತ್ರಿ ನಿಲ್ಲುತ್ತದಾ ಅಂತ ನೋಡುವುದಕ್ಕೆ ಖರ್ಚೇ ಇಲ್ಲ, ಅಲ್ವಾ?

ಬುಧವಾರ

ಈ ವಾರ ಯಂತ್ರ ಆನ್ ಮಾಡಿದ್ದಕ್ಕಿಂತ ಪೆನ್ಸಿಲ್ ಹಿಡಿದದ್ದೇ ಜಾಸ್ತಿ. ಡಾಸ್ ಜೊತೆ ಬರುವ ಪರೀಕ್ಷೆಯ ಪ್ರೋಗ್ರಾಂ ಎಂಎಸ್‌ಡಿ ಐಆರ್‌ಕ್ಯೂ (ಇಂಟರಪ್ಟ್ ಲೈನಿನ ಸಂಖ್ಯೆ) ಪಟ್ಟಿ ತೋರಿಸುತ್ತದೆ, ಆದರೆ ಜಂಪರ್ ಎಲ್ಲಿದೆ ಅಂತ ಅದಕ್ಕೆ ಕಾಣುವುದಿಲ್ಲ. ಡ್ರೈವರ್ ಲೋಡ್ ಆಗದ ಕಾರ್ಡ್ ಅದರ ಪಾಲಿಗೆ ಇಲ್ಲವೇ ಇಲ್ಲ. ಹಾಗಾಗಿ ಕಾರ್ಡ್‌ಗಳನ್ನು ಮೇಜಿನ ಮೇಲೆ ಹರಡಿ, ಬೋರ್ಡ್ ಮೇಲೆ ಅಚ್ಚಾದ ಸಣ್ಣ ಅಕ್ಷರಗಳನ್ನು ಓದಿ, ಒಂದೊಂದಕ್ಕೂ ಐಆರ್‌ಕ್ಯೂ, ಪೋರ್ಟ್ ವಿಳಾಸ (ಪ್ರೊಸೆಸರ್ ಆ ಕಾರ್ಡನ್ನು ಮಾತಾಡಿಸುವ ಸಂಖ್ಯೆ), ಡಿಎಂಎ (ಪ್ರೊಸೆಸರ್ ನಡುವೆ ಬರದೆ ಮೆಮೊರಿಗೆ ಡೇಟಾ ಸಾಗಿಸುವ ದಾರಿ) ಬರೆದುಕೊಂಡೆ. ವಿಳಾಸಗಳೆಲ್ಲ ಹೆಕ್ಸ್‌ನಲ್ಲಿ, ಅಂದರೆ 16ರ ಲೆಕ್ಕದಲ್ಲಿ.

1981ರ ಐಬಿಎಂ ಪಿಸಿಯಲ್ಲಿ 8259 ಅನ್ನುವ ಒಂದೇ ಇಂಟರಪ್ಟ್ ಚಿಪ್, ಎಂಟು ಲೈನ್. 1984ರ ಎಟಿಯಲ್ಲಿ ಇನ್ನೊಂದು ಬಂತು. ಎರಡನ್ನು ಜೋಡಿಸಲು ಒಂದು ಲೈನ್ ಹೋಗಿ ಉಳಿದದ್ದು 15. ಅದರಲ್ಲಿ ಟೈಮರ್, ಕೀಬೋರ್ಡ್, ಗಡಿಯಾರ, ಗಣಿತದ ಕೋಪ್ರೊಸೆಸರ್, ಫ್ಲಾಪಿ, ಹಾರ್ಡ್ ಡಿಸ್ಕ್ ತಮ್ಮ ಪಾಲು ಮೊದಲೇ ಹಿಡಿದಿವೆ. ಮಿಕ್ಕವಕ್ಕೆ ನೂಕುನುಗ್ಗಲು.

ನನ್ನ ಕಾಗದದಲ್ಲಿ ಐಆರ್‌ಕ್ಯೂ 3ರ ಎದುರು ಕಾಮ್2 (ಎರಡನೇ ಸೀರಿಯಲ್ ಪೋರ್ಟ್), ಮೋಡೆಮ್, ನೆಟ್‌ವರ್ಕ್ ಕಾರ್ಡ್ ಮೂರೂ ಕೂತಿದ್ದವು. ಐಎಸ್‌ಎ ಬಸ್ಸಿನಲ್ಲಿ ಲೈನ್ ಕೆಳಗಿನಿಂದ ಮೇಲೇರುವ ಆ ಕ್ಷಣವೇ ಇಂಟರಪ್ಟ್. ಒಂದು ಕಾರ್ಡ್ ಲೈನನ್ನು ಹಿಡಿದು ಕೂತರೆ ಇನ್ನೊಂದರ ಕೂಗು ಮೇಲೇಳುವುದೇ ಇಲ್ಲ. ಪ್ಯಾಕೆಟ್ ಬಂದಿರುತ್ತದೆ, ಡ್ರೈವರ್‌ಗೆ ಸುದ್ದಿ ಮುಟ್ಟಿರುವುದಿಲ್ಲ. ಎಫ್‌ಟಿಪಿ ಅರ್ಧಕ್ಕೆ ನಿಲ್ಲುತ್ತಿದ್ದದ್ದು ಇದಕ್ಕೇ.

ನೆಟ್‌ವರ್ಕ್ ಕಾರ್ಡನ್ನು 10ಕ್ಕೆ ಒಯ್ದೆ. 10, 11, 12, 15 ಈ ಲೈನ್‌ಗಳು ಸ್ಲಾಟಿನ ಹಿಂದಿನ ಚಿಕ್ಕ ತುಂಡಿನಲ್ಲಿ ಮಾತ್ರ ಇರುತ್ತವೆ, ಆದ್ದರಿಂದ 16 ಬಿಟ್ ಕಾರ್ಡಿಗೆ ಮಾತ್ರ ಸಿಗುತ್ತವೆ. ನನ್ನ ಮೋಡೆಮ್ 8 ಬಿಟ್‌ನದು, ಅದಕ್ಕೆ ಈ ಭಾಗ್ಯ ಇಲ್ಲ. ಜಂಪರ್ ಜೊತೆಗೆ ಆಟೋಎಕ್ಸೆಕ್‌ನಲ್ಲಿ ನೆಟ್‌ವರ್ಕ್ ಕಾರ್ಡಿನ ಪ್ಯಾಕೆಟ್ ಡ್ರೈವರಿಗೆ ಕೊಡುವ ಸಂಖ್ಯೆಯನ್ನೂ ಬದಲಿಸಿದೆ. ಡಾಸ್‌ನ ನೆಟ್‌ವರ್ಕ್ ಪ್ರೋಗ್ರಾಂಗಳ ಕಟ್ಟು ಎಂಟಿಸಿಪಿಯ ಎಫ್‌ಟಿಪಿ ಈಗ ದೊಡ್ಡ ಫೈಲನ್ನೂ ಪೂರ್ತಿ ದಾಟಿಸುತ್ತದೆ. ಆದರೆ ಸೌಂಡ್ ಕಾರ್ಡ್ ಹೊರಗಿದ್ದಾಗ ಮಾತ್ರ.

ಗುರುವಾರ ರಾತ್ರಿ

ಸೌಂಡ್ ಕಾರ್ಡ್ ಹಾಕಿದ ಕೂಡಲೇ ಪ್ಯಾಕೆಟ್ ಡ್ರೈವರ್ ತೋರಿಸುವ ಎತರ್ನೆಟ್ ವಿಳಾಸ ಒಂದೊಂದು ಬೂಟಿಗೆ ಒಂದೊಂದು ತರಹ ಬಂತು. ಆ ವಿಳಾಸ ಕಾರ್ಡಿನಲ್ಲೇ ಬರೆದಿಟ್ಟದ್ದು, ಬದಲಾಗಬಾರದು. ಅಂದರೆ ಓದುವ ದಾರಿಯಲ್ಲಿ ಇನ್ನೊಬ್ಬರು ಬಾಯಿ ಹಾಕುತ್ತಿದ್ದಾರೆ.

ನೆಟ್‌ವರ್ಕ್ ಕಾರ್ಡ್ ಕಿತ್ತು, ಡಾಸ್‌ನ ಡೀಬಗ್ ಪ್ರೋಗ್ರಾಂ ತೆರೆದು, ಅದರ ಐ ಆಜ್ಞೆಯಿಂದ 300 ಮತ್ತು 301 ಪೋರ್ಟ್ ಓದಿದೆ. ಯಾರೂ ಇಲ್ಲದ ಪೋರ್ಟ್ ಸಾಮಾನ್ಯವಾಗಿ ಎಫ್‌ಎಫ್ ಕೊಡುತ್ತದೆ. ಇಲ್ಲಿ ಬೇರೆ ಸಂಖ್ಯೆ ಬಂತು. ಸೌಂಡ್ ಕಾರ್ಡಿನ ಎಂಪಿಯು-401 ಮಿಡಿ ಭಾಗಕ್ಕೆ 330 ಅಥವಾ 300 ಅಂತ ಎರಡು ಆಯ್ಕೆ ಇವೆ. ಹಳೇ ಮಾಲೀಕರು ಜಂಪರನ್ನು 300ಕ್ಕೆ ಇಟ್ಟಿದ್ದರು. ಎನ್‌ಇ2000ಗೆ 300ರಿಂದ 31ಎಫ್‌ವರೆಗೆ ಅಷ್ಟೂ ಬೇಕು. ಆಟ ಮಿಡಿಗೆ ಅಂತ ಬರೆದ ಬೈಟ್ ನೆಟ್‌ವರ್ಕ್ ಚಿಪ್‌ನ ಕಮಾಂಡ್ ರಿಜಿಸ್ಟರಿಗೇ ಬೀಳುತ್ತಿತ್ತು.

ಎನ್‌ಇ2000 ಕಾರ್ಡನ್ನೇ ಸರಿಸಬಹುದಲ್ಲ ಅನ್ನಿಸಬಹುದು. 320ಕ್ಕೆ ಹೋದರೆ 33ಎಫ್‌ವರೆಗೆ ಚಾಚಿ 330ರ ಮಿಡಿಯನ್ನು ತಾಗುತ್ತದೆ. 360ಕ್ಕೆ ಹೋದರೆ 378ರಲ್ಲಿರುವ ಪ್ರಿಂಟರ್ ಪೋರ್ಟಿನ ಮೇಲೆ ಕೂರುತ್ತದೆ. 340 ಒಂದು ಖಾಲಿ. ನಾನು ಕಾರ್ಡನ್ನು 300ರಲ್ಲೇ ಬಿಟ್ಟು ಮಿಡಿಯನ್ನು 330ಕ್ಕೆ ತಂದೆ. ಸೌಂಡ್ ಕಾರ್ಡಿನ ಸೆಟ್ಟಿಂಗ್ ಹೇಳುವ ಬ್ಲಾಸ್ಟರ್ ಸಾಲು ಈಗ ಎ220 ಐ5 ಡಿ1 ಎಚ್5 ಪಿ330 ಟಿ6. ಡಿಎಂಎ ಕಡೆ ಯಾವ ತಕರಾರೂ ಇಲ್ಲ.

ಮುಂದಿನ ಶನಿವಾರ

ಮೂರನೆಯದು ಇಡೀ ಕೆಲಸದಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟ ಗಂಟು. ವಿಂಡೋಸ್ ಹ್ಯಾಂಗ್ ಆಗುತ್ತಿದ್ದದ್ದು ಮೋಡೆಮ್ ಒಳಗಿದ್ದಾಗ ಮಾತ್ರ. ಫೋನ್ ಲೈನ್ ಇಲ್ಲ, ಮೋಡೆಮ್ ಬಳಸುವ ಪ್ರೋಗ್ರಾಂ ಇಲ್ಲ. ಆದರೂ ಪರದೆ ಬಿಡಿಸುವಾಗಲೇ ನಿಲ್ಲುತ್ತಿತ್ತು. ವಿಂಡೋಸ್ ಸೆಟಪ್‌ನಲ್ಲಿ ಸಾದಾ ವಿಜಿಎ ಡ್ರೈವರ್ ಆರಿಸಿದೆ. ಹ್ಯಾಂಗ್ ಮಾಯ! ಗ್ರಾಫಿಕ್ಸ್ ಕಾರ್ಡಿನ ಸ್ವಂತ ಡ್ರೈವರ್‌ಗೆ ಮರಳಿದರೆ ಮತ್ತೆ ಹ್ಯಾಂಗ್.

ಮೋಡೆಮ್ ಕಾಮ್4ರಲ್ಲಿತ್ತು, ವಿಳಾಸ 2ಇ8. ಐಬಿಎಂ 1987ರಲ್ಲಿ 8514/ಎ ಅನ್ನುವ ಗ್ರಾಫಿಕ್ಸ್ ತಂದಾಗ ಅದಕ್ಕೆ 2ಇ8 ಜೊತೆಗೆ 42ಇ8, 82ಇ8, 9ಎಇ8 ಹೀಗೆ ಒಂದು ಸಾಲು ಪೋರ್ಟ್ ಕೊಟ್ಟಿತು. ಆಮೇಲಿನ ಹಲವು ವಿಂಡೋಸ್ ಆಕ್ಸೆಲರೇಟರ್ ಕಾರ್ಡ್‌ಗಳು ಅದೇ ವಿಳಾಸಗಳನ್ನು ಇಟ್ಟುಕೊಂಡವು. ಹಳೇ ಐಎಸ್‌ಎ ಕಾರ್ಡ್‌ಗಳು ವಿಳಾಸದ ಕೊನೆಯ 10 ಬಿಟ್ ಮಾತ್ರ ನೋಡುತ್ತವೆ. 9ಎಇ8ರ ಕೊನೆಯ 10 ಬಿಟ್ ಮಾತ್ರ ಉಳಿಸಿಕೊಂಡರೆ ಸಿಗುವುದು 2ಇ8. ಕಾಗದದ ಮೇಲೆ ಬಿಡಿಸಿ ನೋಡಿ, ಎಲ್ಲವೂ ಅಲ್ಲಿಗೇ ಬರುತ್ತವೆ.

ಗ್ರಾಫಿಕ್ಸ್ ಡ್ರೈವರ್ ಒಂದು ಗೆರೆ ಎಳೆಯುವ ಮುಂಚೆ ಕಾರ್ಡಿನ ಆಜ್ಞೆಗಳ ಕ್ಯೂನಲ್ಲಿ ಜಾಗ ಇದೆಯಾ ಅಂತ 9ಎಇ8ರ ಕೆಳಗಿನ ಬೈಟ್ ಓದುತ್ತದೆ. ತನ್ನನ್ನೇ ಕೇಳಿದರು ಅಂದುಕೊಂಡು ಮೋಡೆಮ್ ಕೂಡ ಅದೇ ಡೇಟಾ ಲೈನ್‌ಗಳ ಮೇಲೆ ಉತ್ತರ ಹಾಕುತ್ತದೆ. ಕ್ಯೂ ಯಾವಾಗಲೂ ತುಂಬಿದ ಹಾಗೆ ಕಾಣುತ್ತದೆ. ಡ್ರೈವರ್ ಕಾಯುತ್ತಲೇ ಇರುತ್ತದೆ. ಸಾದಾ ವಿಜಿಎ ಡ್ರೈವರ್ ಆ ರಿಜಿಸ್ಟರ್‌ಗಳ ತಂಟೆಗೇ ಹೋಗುವುದಿಲ್ಲ, ಅದಕ್ಕೇ ಅದು ಬದುಕಿತು. ಈ ಜಗಳ ಯಾವ ಐಆರ್‌ಕ್ಯೂ ಪಟ್ಟಿಯಲ್ಲೂ ಕಾಣುವುದಿಲ್ಲ. ಕಾಮ್4 ಮತ್ತು ಗ್ರಾಫಿಕ್ಸ್ ಕಾರ್ಡ್ ಅಂತ ಯಾರೂ ಜೊತೆಯಾಗಿ ಯೋಚಿಸುವುದೇ ಇಲ್ಲ. ಹಳೇ ಯಂತ್ರ ಕಟ್ಟುವವರು ಇದನ್ನೊಂದು ಬರೆದಿಟ್ಟುಕೊಳ್ಳಿ.

ಮೋಡೆಮ್‌ಗೆ ಹೊಸ ಜಾಗ ಬೇಕಿತ್ತು. ಕಾಮ್3 ಆದರೆ ರೂಢಿಯ ಐಆರ್‌ಕ್ಯೂ 4, ಅಲ್ಲಿ ಕಾಮ್1ರ ಮೌಸ್ ಇದೆ. ಮೋಡೆಮ್ ಡಯಲ್ ಮಾಡಿದ ಹೊತ್ತಿಗೆ ಮೌಸ್ ನಿಲ್ಲುತ್ತದೆ. ಕೊನೆಗೆ ಮಲ್ಟಿ ಐಒ ಕಾರ್ಡಿನ ಕಾಮ್2 ಅನ್ನು ಜಂಪರ್ ತೆಗೆದು ಬಂದ್ ಮಾಡಿ, ಮೋಡೆಮ್ಮನ್ನೇ ಕಾಮ್2 ಮಾಡಿದೆ. ವಿಳಾಸ 2ಎಫ್8, ಐಆರ್‌ಕ್ಯೂ 3, ಈಗ ಅದು ಅದರದ್ದೇ. ಹೊರಗಿನ ಎರಡನೇ ಸೀರಿಯಲ್ ಪೋರ್ಟ್ ಕಳೆದುಕೊಂಡೆ. ನೆಟ್‌ವರ್ಕ್ ಇರುವಾಗ ಅದು ಬೇಕಾಗಿಲ್ಲ.

ಎಲ್ಲಿಗೆ ಬಂತು

ಐದೂ ಕಾರ್ಡ್ ಒಟ್ಟಿಗೆ ಕೂತಿವೆ. ಸೌಂಡ್ ಬರುತ್ತಿರುವಾಗಲೇ ಎಫ್‌ಟಿಪಿ ಸರ್ವರ್‌ನಿಂದ ಎಳೆದ ಫಾಂಟ್‌ಗಳನ್ನು ಹಾಕಿ ವಿಂಡೋಸ್‌ನಲ್ಲಿ ಪೂರ್ತಿ ರೆಸಲ್ಯೂಶನ್‌ಗೆ ಪುಟ ತೆರೆದೆ. ಯಂತ್ರ ನಿಲ್ಲಲಿಲ್ಲ. ಜಾತ್ರೆಯ ಕರಪತ್ರಗಳು ಪೋಸ್ಟ್‌ಸ್ಕ್ರಿಪ್ಟ್ ಆಗಿ ಆಚೆ ಬಂದಿವೆ, ಒತ್ತಕ್ಷರಗಳು ಎಲ್ಲಿಯೂ ಜಾರಿಲ್ಲ. ವಾರ್ಷಿಕ ವರದಿಗಳು ದೊಡ್ಡವು, ಅವಕ್ಕೆ ಸಮಯ ಬೇಕು.

ಬಾಕಿ ಇರುವುದು ಫ್ಯಾಕ್ಸ್. ಮೋಡೆಮ್ ಆಜ್ಞೆಗಳಿಗೆ ಓಕೆ ಅನ್ನುತ್ತಿದೆ, ಲೈನ್ ಮೇಲೆ ಇನ್ನೂ ಪರೀಕ್ಷಿಸಿಲ್ಲ. ಮನೆಯ ಫೈಬರ್ ಪೆಟ್ಟಿಗೆಯಲ್ಲಿ ಫೋನ್ ಜ್ಯಾಕ್ ಇದೆ. ಅದರ ಮೂಲಕ 9600ರಲ್ಲಿ ಒಂದು ಪುಟ ದಾಟುತ್ತದಾ ಅಂತ ಮುಂದಿನ ವಾರ ನೋಡುತ್ತೇನೆ.