ಮೂರು ಸಲ ಎದ್ದು ಬಂದ ಹುಡುಗ

ಈ ವರ್ಷದ ಪವಿತ್ರ ಗುರುವಾರದ ರಾತ್ರಿ, ಪ್ರಭುಭೋಜನದ ಆರಾಧನೆ ಮುಗಿದು ಹಿರಿಯರೆಲ್ಲ ಮನೆಗೆ ಹೊರಟ ಮೇಲೆ, ನಮ್ಮ ಯೌವನಸ್ಥರ ಕೂಟದ ಮಕ್ಕಳು ಆಲಯದಲ್ಲಿಯೇ ಉಳಿದು ಬೆಳಗಿನವರೆಗೆ ಎಚ್ಚರವಾಗಿದ್ದು ಪ್ರಾರ್ಥಿಸಿದರು. ಬೆಳಗಿನವರೆಗೆ ಎಂದು ಬರೆದೆನಾದರೂ, ನಡುರಾತ್ರಿ ಕಳೆಯುವಷ್ಟರಲ್ಲಿ ಅರ್ಧಕ್ಕರ್ಧ ಮಂದಿ ತೂಕಡಿಸುತ್ತಿದ್ದರೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಗೆತ್ಸೇಮನೆಯ ತೋಟದಲ್ಲಿ ಯೇಸುವಿನ ಶಿಷ್ಯರಾದ ಪೇತ್ರ, ಯಾಕೋಬ, ಯೋಹಾನರಂಥವರೇ ಒಂದು ಗಳಿಗೆ ಎಚ್ಚರವಿರಲಾರದೆ ಹೋದರು, ಕರ್ತನು ಮೂರು ಸಲ ಬಂದು ನೋಡಿದಾಗಲೂ ಅವರು ನಿದ್ರೆಯಲ್ಲಿಯೇ ಇದ್ದರು. ಆ ರಾತ್ರಿ ನನಗೆ ದೊರೆತದ್ದಕ್ಕಾಗಿ ದೇವರಿಗೆ ಸ್ತೋತ್ರ ಸಲ್ಲಿಸುತ್ತಾ ಇದನ್ನು ಬರೆದಿಡುತ್ತಿದ್ದೇನೆ.

ಜಾಗರಣೆಯ ಕ್ರಮವನ್ನು ಗೊತ್ತುಮಾಡಿದವಳು ನಾನಲ್ಲ, ಕೂಟದ ಹದಿನೇಳು ವರ್ಷದ ಒಬ್ಬ ಹುಡುಗಿ. ಶ್ರಮೆಯ ವಾರದಲ್ಲಿ ಎಲ್ಲರೂ ಸಹಜವಾಗಿ ಆರಿಸಿಕೊಳ್ಳುವ ತೋಟದ ಪ್ರಾರ್ಥನೆಯ ಭಾಗವನ್ನು ಬಿಟ್ಟು, ಅವಳು ಸಮುವೇಲನ ಮೊದಲನೆಯ ಗ್ರಂಥದ 3ನೆಯ ಅಧ್ಯಾಯವನ್ನು ಎತ್ತಿಕೊಂಡಿದ್ದಳು. ದೀಪಗಳನ್ನೆಲ್ಲ ಆರಿಸಿ, ಒಂದೇ ಮೇಣದಬತ್ತಿಯನ್ನು ಪುಸ್ತಕದ ಅಂಚಿಗೆ ಹಿಡಿದುಕೊಂಡು, ಮೇಣ ಬೆರಳಿನ ಮೇಲೆ ಇಳಿಯುತ್ತಿದ್ದರೂ ಕೈ ಬದಲಿಸದೆ ಓದುತ್ತಾ ಹೋದಳು. ಮುದುಕನಾದ ಯಾಜಕ ಏಲಿಯ ಕಣ್ಣು ಮಬ್ಬಾಗಿತ್ತು, ದೇವರ ದೀಪ ಇನ್ನೂ ಆರಿರಲಿಲ್ಲ, ದೇವರ ಒಡಂಬಡಿಕೆಯ ಪೆಟ್ಟಿಗೆಯಾದ ಮಂಜೂಷವಿದ್ದ ಮಂದಿರದಲ್ಲಿ ಬಾಲಕನಾದ ಸಮುವೇಲನು ಮಲಗಿದ್ದನು. ಕರೆ ಕೇಳಿಸಿತು, ಹುಡುಗ ಓಡಿಬಂದನು, ನಾನು ಕರೆಯಲಿಲ್ಲ, ಹೋಗಿ ಮಲಗು ಎಂದನು ಏಲಿ. ಹೀಗೆ ಮೂರು ಸಲ ಹುಡುಗ ಎದ್ದು ಬಂದನು. ಆಗ ಸಮುವೇಲನಿಗೆ ಹನ್ನೆರಡು ವರ್ಷವೆಂದು ಒಂದನೆಯ ಶತಮಾನದ ಇತಿಹಾಸಕಾರ ಯೋಸೇಫಸನು ಬರೆದಿದ್ದಾನೆ. ಯೇಸುಸ್ವಾಮಿಯು ಯೆರೂಸಲೇಮಿನ ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಪ್ರಶ್ನೆ ಕೇಳಿದ ವಯಸ್ಸೂ ಅದೇ.

ಈ ಕಥೆಯನ್ನು ನಾನು ಮೊದಲು ಕೇಳಿದ್ದು ಸಂಡೇ ಸ್ಕೂಲಿನ ಟೀಚರಮ್ಮನವರ ಬಾಯಿಂದ. ಅವರ ಪಾಠಗಳಲ್ಲಿ ಹೆಚ್ಚಿನವು ಮರೆತುಹೋಗಿವೆ, ಆದರೆ ಅವರ ಅಂಗೈ ಮರೆತಿಲ್ಲ. ತರಗತಿ ಮುಗಿದಾಗ ನಾವು ಸಾಲಾಗಿ ನಿಲ್ಲುತ್ತಿದ್ದೆವು, ಅವರು ಒಬ್ಬೊಬ್ಬರ ತಲೆಯ ಮೇಲೂ ಬಲಗೈ ಇಟ್ಟು, ಒಂದು ಮಾತನ್ನೂ ಆಡದೆ, ಐದಾರು ಉಸಿರಿನಷ್ಟು ಹೊತ್ತು ಹಾಗೆಯೇ ನಿಲ್ಲುತ್ತಿದ್ದರು. ಸೀಮೆಸುಣ್ಣದ ಪುಡಿ ಮೆತ್ತಿಕೊಂಡ, ಒರಟಾದ, ಮಗುವಿನ ತಲೆಗೆ ಸ್ವಲ್ಪ ಹೆಚ್ಚೇ ಭಾರವಾದ ಕೈ ಅದು. ಕೈ ಎತ್ತಿದ ಮೇಲೂ ಆ ಭಾರ ನೆತ್ತಿಯ ಮೇಲೆ ಉಳಿದಿರುತ್ತಿತ್ತು, ಕೆಲವು ಸಲ ಮನೆ ಸೇರುವವರೆಗೂ ಇರುತ್ತಿತ್ತು. ಏನೆಂದು ಪ್ರಾರ್ಥಿಸುತ್ತೀರಿ ಟೀಚರಮ್ಮ ಎಂದು ಒಮ್ಮೆ ಕೇಳಿದ್ದಕ್ಕೆ, "ನನಗೆ ಗೊತ್ತಿದ್ದರೆ ಬಾಯಿಬಿಟ್ಟೇ ಹೇಳುತ್ತಿದ್ದೆನಲ್ಲ ಮಗೂ" ಎಂದರು. ತಿಮೊಥೆಯನ ನಂಬಿಕೆ ಮೊದಲು ಅವನ ಅಜ್ಜಿ ಲೋವಿಯಲ್ಲಿಯೂ ತಾಯಿ ಯೂನಿಕೆಯಲ್ಲಿಯೂ ಇತ್ತೆಂದು ಅಪೊಸ್ತಲನಾದ ಪೌಲನು ತನ್ನ ಆ ಶಿಷ್ಯನಿಗೆ ಬರೆದದ್ದನ್ನು ಓದುವಾಗಲೆಲ್ಲ ನನ್ನ ನೆತ್ತಿಯ ಮೇಲೆ ಆ ಕೈ ಬಂದು ಕೂಡುತ್ತದೆ.

ಅವರ ಕೈಯ ಕೆಳಗೆ ಬೆಳೆದವಳು ಯೌವನಸ್ಥರ ಕೂಟದ ಹೊಣೆ ವಹಿಸಿಕೊಂಡಾಗ ಮಾಡಿದ್ದು ಮಾತ್ರ ಇದಕ್ಕೆ ಪೂರಾ ವಿರುದ್ಧ. ನಾನು ಮಾತಾಡಿದೆ. ವರ್ಷಗಟ್ಟಲೆ, ವಾರ ತಪ್ಪದೆ, ಟಿಪ್ಪಣಿ ಬರೆದುಕೊಂಡು ಬಂದು ಮುಕ್ಕಾಲು ಗಂಟೆ ಮಾತಾಡಿದೆ. 1881ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನ ಒಂದು ಸಭೆಯ ಪಾಲಕರಾಗಿದ್ದ ಫ್ರಾನ್ಸಿಸ್ ಕ್ಲಾರ್ಕ್ ಎಂಬವರು ತಮ್ಮ ಯೌವನಸ್ಥರಿಗಾಗಿ ಕ್ರಿಶ್ಚಿಯನ್ ಎಂಡೆವರ್ ಸಂಘವನ್ನು ಆರಂಭಿಸಿದಾಗ, ಹಾಡುವುದನ್ನು ಲೆಕ್ಕಕ್ಕೆ ಹಿಡಿಯದೆ ಪ್ರತಿ ಕೂಟದಲ್ಲಿಯೂ ಏನಾದರೊಂದು ಭಾಗ ವಹಿಸುತ್ತೇನೆಂದು ಸದಸ್ಯರಿಂದ ಪ್ರತಿಜ್ಞೆ ಮಾಡಿಸಿದ್ದರು. ನನ್ನ ಕೂಟದಲ್ಲಿ ಮಕ್ಕಳ ಪಾಲಿಗೆ ಉಳಿದಿದ್ದುದು ಹಾಡುವುದೊಂದೇ. ತ್ರೋವವೆಂಬ ಊರಿನಲ್ಲಿ ಪೌಲನು ಮಧ್ಯರಾತ್ರಿಯವರೆಗೆ ಪ್ರಸಂಗವನ್ನು ಬೆಳೆಸಿದಾಗ, ಕಿಟಕಿಯಲ್ಲಿ ಕುಳಿತಿದ್ದ ಯೂತಿಖನೆಂಬ ಯೌವನಸ್ಥನು ಗಾಢನಿದ್ರೆಯಲ್ಲಿ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದನು, ಪೌಲನು ಇಳಿದುಬಂದು ಅವನನ್ನು ಅಪ್ಪಿಕೊಂಡನು. ನಾನಾಗಿದ್ದರೆ, ಹುಡುಗ ಕಣ್ಣು ಬಿಟ್ಟ ಮೇಲೆ, ನಿದ್ರೆಯೆಂಬ ದೋಷದ ಕುರಿತು ಇನ್ನರ್ಧ ಗಂಟೆ ಬೋಧಿಸುತ್ತಿದ್ದೆನೇನೋ.

ಇದನ್ನು ನಿಲ್ಲಿಸಿದವಳು ಅದೇ ಹುಡುಗಿ. ಒಂದು ಸಂಜೆ ಕೂಟ ಮುಗಿದು ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಾಗ, ನನ್ನ ಮುಖ ನೋಡದೆ, ಕುರ್ಚಿಯನ್ನೇ ನೋಡುತ್ತಾ ಹೇಳಿದಳು: "ಅಕ್ಕಾ, ಬೇಜಾರು ಮಾಡಿಕೊಳ್ಳಬೇಡಿ. ನೀವು ಪ್ರಾರ್ಥನೆ ಮಾಡುವಾಗ ದೇವರ ಹತ್ತಿರ ಮಾತಾಡುವುದೇ ಇಲ್ಲ. ಕಣ್ಣು ಮುಚ್ಚಿಕೊಂಡು ನಮ್ಮನ್ನೇ ಬೈಯುತ್ತೀರಿ." ನಾನು ಏನೂ ಹೇಳಲಿಲ್ಲ, ಹೇಳಲಿಲ್ಲ ಎನ್ನುವುದಕ್ಕಿಂತ, ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಓ ಕರ್ತನೇ, ಮೊಬೈಲಿನಲ್ಲಿ ಕಾಲ ಕಳೆಯುವ ಈ ಮಕ್ಕಳನ್ನು ಮುಟ್ಟು, ತಡವಾಗಿ ಬರುವವರ ಮನಸ್ಸನ್ನು ತಿದ್ದು ಎಂದು ನಾನು ಮಾಡಿದ ಪ್ರಾರ್ಥನೆಗಳೆಲ್ಲ ಮನೆಗೆ ಹೋಗುವ ದಾರಿಯುದ್ದಕ್ಕೂ ಕಿವಿಯಲ್ಲಿ ಮೊಳಗಿದವು. ಆ ರಾತ್ರಿ ಮೊಣಕಾಲೂರಿದಾಗ, ಬಹಳ ದಿನಗಳ ಮೇಲೆ, ಯಾರಿಗೂ ಕೇಳಿಸಬೇಕಾಗಿಲ್ಲದ ಒಂದು ವಾಕ್ಯವಾದರೂ ನನ್ನಲ್ಲಿ ಉಳಿದಿದೆಯೇ ಎಂದು ಹುಡುಕಬೇಕಾಯಿತು.

ಆದ್ದರಿಂದಲೇ ಗುರುವಾರ ಅವಳು ಓದುತ್ತಿದ್ದಾಗ ನನ್ನ ಮನಸ್ಸು ಸಮುವೇಲನನ್ನು ಬಿಟ್ಟು ಏಲಿಯ ಕಡೆಗೆ ಹೊರಳಿತು. ಏಲಿಯೇನೂ ಒಳ್ಳೆಯ ಮುಂದಾಳಲ್ಲ. ಸಮುವೇಲನ ತಾಯಿ ಹನ್ನಳು ತುಟಿಯಲ್ಲಾಡಿಸಿ ಮನಸ್ಸಿನೊಳಗೆ ಬೇಡಿಕೊಳ್ಳುತ್ತಿದ್ದಾಗ ಅಮಲೇರಿದವಳೆಂದು ಗದರಿಸಿದವನು ಅವನು. ಹೊಫ್ನಿ ಮತ್ತು ಫೀನೆಹಾಸರೆಂಬ ತನ್ನ ಸ್ವಂತ ಮಕ್ಕಳನ್ನು ಅಂಕೆಯಲ್ಲಿಡಲಾರದೆ ಹೋದವನೂ ಅವನೇ. ಎರಡು ಸಲ ಎದ್ದು ಬಂದ ಹುಡುಗನನ್ನು ಅರ್ಥವಾಗದೆ ವಾಪಸು ಕಳಿಸಿದನು. ಆದರೆ ಮೂರನೆಯ ಸಲ, ಹುಡುಗನನ್ನು ಕರೆಯುತ್ತಿರುವವನು ದೇವರೆಂದು ಅವನಿಗೆ ತಿಳಿಯಿತು, ತಿಳಿದೊಡನೆ ಆ ಮಗುವನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಂಡು ದೇವರ ಪರವಾಗಿ ತಾನೇ ಮಾತಾಡಲಿಲ್ಲ. "ಅಪ್ಪಣೆಯಾಗಲಿ" ಎನ್ನುವುದನ್ನು ಕಲಿಸಿ, ಕತ್ತಲೆಗೆ, ಒಬ್ಬನನ್ನೇ, ಹಿಂದಕ್ಕೆ ಕಳಿಸಿದನು. ಬೆಳಗಾದ ಮೇಲೆ ನಡೆದದ್ದು ಇದಕ್ಕಿಂತ ಕಷ್ಟದ್ದು. ಸಮುವೇಲನು ಎದ್ದು ಎಂದಿನಂತೆ ಆಲಯದ ಬಾಗಿಲುಗಳನ್ನು ತೆರೆದನು, ಆದರೆ ಕೇಳಿದ್ದನ್ನು ಹೇಳಲು ಹೆದರಿದನು, ಏಕೆಂದರೆ ದೇವರು ಹೇಳಿದ್ದೆಲ್ಲ ಏಲಿಯ ಮನೆತನಕ್ಕೆ ವಿರುದ್ಧವಾಗಿತ್ತು. ಒಂದನ್ನೂ ಮರೆಮಾಡಬೇಡವೆಂದು ಏಲಿಯೇ ಒತ್ತಾಯಮಾಡಿ ಕೇಳಿದನು, ಕೇಳಿ ತಲೆಬಾಗಿದನು. 40 ವರ್ಷ ಇಸ್ರಾಯೇಲ್ಯರಿಗೆ ನ್ಯಾಯತೀರಿಸಿದವನು ಒಬ್ಬ ಬಾಲಕನ ಬಾಯಿಂದ ತನ್ನ ತೀರ್ಪನ್ನು ಕೇಳಿಸಿಕೊಂಡ ಆ ಬೆಳಗು, ನನಗೆ ಕುರ್ಚಿಗಳನ್ನು ಜೋಡಿಸುತ್ತಿದ್ದ ಆ ಸಂಜೆಯಂತೆಯೇ ಕಂಡಿತು. ವ್ಯತ್ಯಾಸವೆಂದರೆ, ಏಲಿ ತಾನಾಗಿ ಕೇಳಿದನು, ನಾನು ಕೇಳಿರಲಿಲ್ಲ.

ಈಗಿನ ಮಕ್ಕಳಿಗೆ ಭಯಭಕ್ತಿಯಿಲ್ಲವೆಂಬ ಮಾತನ್ನು ಸಭೆಯಲ್ಲಿ ಆಗಾಗ ಕೇಳುತ್ತೇನೆ, ನಾನೂ ಆಡಿದ್ದೇನೆ. ಹಾಗೆ ಹೇಳುವ ನಾವು ದೊಡ್ಡವರು ಪವಿತ್ರ ಗುರುವಾರದ ಜಾಗರಣೆಯನ್ನು ಇಡೀ ರಾತ್ರಿಯಿಂದ ಒಂದು ಗಂಟೆಗೆ, ಒಂದು ಗಂಟೆಯಿಂದ ಮುಕ್ತಾಯದ ಪ್ರಾರ್ಥನೆಗೆ ಇಳಿಸಿದ್ದೇವೆ, ಮರುದಿನ ಶುಭಶುಕ್ರವಾರದ ಉಪವಾಸವನ್ನು ಆರೋಗ್ಯದ ನೆಪ ಹೇಳಿ ಬಿಟ್ಟಿದ್ದೇವೆ. ಈ ರಾತ್ರಿಯನ್ನು ಮತ್ತೆ ಕೇಳಿ ಪಡೆದವರು ಆ ಮಕ್ಕಳೇ. ಮನೆಯವರ ಒಪ್ಪಿಗೆಗಾಗಿ ಅವರು ಪಟ್ಟ ಪಾಡು ಬೇರೆಯೇ ಕಥೆ.

ಓದು ಮುಗಿದಾಗ ಹುಡುಗಿ ವಿವರಣೆ ಕೊಡಲಿಲ್ಲ, ಹಾಡು ಎತ್ತಿಕೊಡಲಿಲ್ಲ, ಬತ್ತಿಯನ್ನು ನೆಲದ ಮೇಲಿಟ್ಟು ಕುಳಿತುಬಿಟ್ಟಳು. ಮೌನ ಬೆಳೆಯುತ್ತಾ ಹೋಯಿತು. ಮೊದಲು ನನಗೆ ತಳಮಳವಾಯಿತು. ಇಷ್ಟು ಹೊತ್ತು ಯಾರೂ ಏನೂ ಹೇಳದಿದ್ದರೆ ಹೇಗೆ ಎಂದು ಎರಡು ಸಲ ಬಾಯಿ ತೆರೆಯಲು ಹೋಗಿ, ಎರಡು ಸಲವೂ ನುಂಗಿಕೊಂಡೆ. ಯಾರೋ ಮೂಗು ಎಳೆದುಕೊಂಡರು. ಯಾರೋ ಅತ್ತರು, ಯಾರೆಂದು ನಾನು ತಿರುಗಿ ನೋಡಲಿಲ್ಲ. ಎಷ್ಟೋ ಹೊತ್ತಿನ ಮೇಲೆ, ನೆತ್ತಿಯ ಮೇಲೆ ಸೀಮೆಸುಣ್ಣದ ಆ ಭಾರ ಬಂದು ಕುಳಿತಂತಾಗಿ ನನ್ನ ಉಸಿರೂ ನಿಧಾನವಾಯಿತು.

ಸುಮಾರು ಮೂರು ಗಂಟೆಯ ಹೊತ್ತಿಗೆ ಬತ್ತಿ ಬದಲಿಸಲೆಂದು ಎದ್ದೆ. ಕೂಟಕ್ಕೆ ಹೊಸದಾಗಿ ಸೇರಿದ, ಯಾವಾಗಲೂ ಬಾಗಿಲ ಪಕ್ಕದಲ್ಲಿಯೇ ಕೂರುವ ಹುಡುಗನೊಬ್ಬ ಹಿಂದಿನ ಬೆಂಚಿನ ಮೇಲೆ ಮುದುಡಿಕೊಂಡು ಮಲಗಿದ್ದನು. ನಾನು ಹತ್ತಿರ ಹಾದುಹೋಗುವಾಗ ಥಟ್ಟನೆ ಎದ್ದು ಕುಳಿತು, ನಿದ್ದೆಗಣ್ಣಿನಲ್ಲಿಯೇ, "ಕರೆದಿರಾ ಅಕ್ಕಾ?" ಎಂದನು.

"ಇಲ್ಲಪ್ಪಾ, ನಾನು ಕರೆಯಲಿಲ್ಲ, ಮಲಗಿಕೋ" ಎಂದೆ.

ಅವನು ಮಲಗಲಿಲ್ಲ.